ಕೆಂಪು ತ್ರಿಕೋನದ ಹೆಸರು

ಬ್ರೋಕನ್ ಹಿಲ್‌ನಲ್ಲಿ ಬೀದಿಗಳಿಗೆಲ್ಲ ಪ್ರಯೋಗಶಾಲೆಯ ಹೆಸರು:
ಆಕ್ಸೈಡ್, ಕ್ಲೋರೈಡ್, ಸಲ್ಫೈಡ್.
ನಾನಿರುವುದು ಕೋಬಾಲ್ಟ್ ಬೀದಿಯ ಬಾಡಿಗೆ ಕೋಣೆಯಲ್ಲಿ,
ದುಡಿಯುವುದು ಕಾರ್ಮಿಕರ ಭವನದ ಮಾಳಿಗೆಯಲ್ಲಿ.
ಹರಿದ ಹಾಳೆಗೆ ತೇಪೆ ಹಾಕುವ ಕೆಲಸ:
ಗೋಧಿ ಹಿಟ್ಟಿನ ಗಂಜಿ, ಜಪಾನಿನ ತೆಳುಕಾಗದ, ಮೂಳೆಯ ಚೂರಿ.
ಪುಸ್ತಕದ ನರ್ಸಮ್ಮ ಅನ್ನುತ್ತಾನೆ ಕಾವಲಿನ ಡೆಸ್ಮಂಡ್.

ತಗಡಿನ ಪೆಟ್ಟಿಗೆಯಲ್ಲಿ, ಚಂದಾ ರಸೀದಿಗಳ ಅಡಿಯಲ್ಲಿ,
ಮುಷ್ಕರದ ಕರಪತ್ರಗಳಿಗೆ ಅಂಟಿಕೊಂಡು ಸಿಕ್ಕಿತು ಅದು.
ಹನ್ನೆರಡೇ ಪುಟ. ಎರಡು ಪಿನ್ನು, ಎರಡಕ್ಕೂ ತುಕ್ಕು.
ಲೆನಿನ್‌ಗ್ರಾಡಿನಲ್ಲಿ ಅಚ್ಚಾಗಿ
ಯಾವ ನಾವಿಕನ ಚೀಲದಲ್ಲಿ ಕೂತು
ಈ ಕೆಮ್ಮಣ್ಣಿನ ನಡುಗಡ್ಡೆಗೆ ಬಂತೋ.
ಆ ಲಿಪಿ ನನಗೆ ಬಾರದು.
ಅಕ್ಷರಗಳೂ ಓದಿಸಿಕೊಳ್ಳುವ ಭಂಗಿಯಲ್ಲಿ ಕೂತಿಲ್ಲ;
ಒಂದು ಏಣಿ ಹತ್ತುತ್ತಿದೆ, ಇನ್ನೊಂದು ಜಾರಿ ಬೀಳುತ್ತಿದೆ.

ಮಕ್ಕಳ ಪುಸ್ತಕವಂತೆ.
ಮೊಲವಿಲ್ಲ. ರಾಜನಿಲ್ಲ. ಚಂದಮಾಮನೂ ಇಲ್ಲ,
ಒಂದು ಕರಿ ವೃತ್ತವಿದೆ, ಬೇಕಾದರೆ ಗ್ರಹಣ ಅನ್ನಿ.
ಕೆಂಪು ತ್ರಿಕೋನವೊಂದು ಮೂಲೆಯಿಂದ ಹೊರಟು
ಪುಟಪುಟಕ್ಕೂ ಒಂದಿಷ್ಟು ಓರೆಯಾಗಿ
ಬೂದು ಚೌಕಗಳ ಸಾಲಿಗೆ ಬಂದು ತಾಕುತ್ತದೆ.
ಸಾಲು ಚೆದರುತ್ತದೆ.
ಹಳೆಯದು ಬೀಳುವುದು, ಹೊಸದು ಏಳುವುದು
ಹೀಗೇ ಎಂದು ನಂಬಿದ್ದನೇನೋ ಬಿಡಿಸಿದವನು,
ಕೈವಾರ, ಅಳತೆಪಟ್ಟಿ, ಮೂರು ಬಣ್ಣ, ಅಷ್ಟರಲ್ಲೇ.
ಕಾಗದ ಮಾತ್ರ ಅಗ್ಗದ್ದು. ಮುಟ್ಟಿದರೆ ಹಪ್ಪಳ.

ಮೂರನೆಯ ಪುಟದಲ್ಲಿ ನನ್ನ ಭೂತಗನ್ನಡಿ ನಿಂತಿತು.
ಸೀಸ ಅಗೆಯುವ ಊರಿನ ಸೀಸದಕಡ್ಡಿ, ಎಳೆಯ ಕೈ, ಇಂಗ್ಲಿಷು:
ತ್ರಿಕೋನದ ಕೆಳಗೆ, ಅಪ್ಪ.
ಕರಿ ವೃತ್ತದ ಕೆಳಗೆ, ಗಣಿಯ ಬಾಯಿ.
ಬೂದು ಚೌಕಗಳಿಗೆ ಒಂದೊಂದಾಗಿ
ಮ್ಯಾನೇಜರು, ಮ್ಯಾನೇಜರ ತಮ್ಮ, ಮ್ಯಾನೇಜರ ನಾಯಿ.
ತುದಿಯ ಪುಟಾಣಿ ಚೌಕ, ಪಾಪ, ಲೆಕ್ಕದ ಮೇಷ್ಟ್ರು.
ಹಿಂದಿನ ರಟ್ಟಿನ ಒಳಗೆ ಸಹಿ:
ಥೆಲ್ಮಾ ಟ್ರೆಗೋನಿಂಗ್, ವಯಸ್ಸು ಏಳೂಮುಕ್ಕಾಲು.

ನಾನು ಒಬ್ಬಳೇ ನಕ್ಕೆ.
ಸಂಡೂರಿನ ನಮ್ಮ ಶಾಲೆಯ ಕಟ್ಟೆಗಲ್ಲಿನಲ್ಲಿ
ಯಾರೋ ಎಂದೋ ಕೊರೆದಿದ್ದ ಹುಲಿ-ಕುರಿ ಮನೆ,
ಅದೂ ತ್ರಿಕೋನವೇ, ಮೇಲೆ ನಾಲ್ಕು ಅಡ್ಡಗೆರೆ.
ಹುಣಸೆಬೀಜ ಕುರಿ. ಅದಿರಿನ ಚೂರು ಹುಲಿ.
ಬಾಲವೆಲ್ಲಿ, ಪಟ್ಟೆಯೆಲ್ಲಿ ಎಂದು ಒಬ್ಬರೂ ಕೇಳಿದ್ದಿಲ್ಲ.
ಆದರೂ ಅದು ಹಾರಿದಾಗ ಎದೆ ಝಲ್ಲೆಂದದ್ದು ಸುಳ್ಳಲ್ಲ.

ಒಂಬತ್ತನೆಯ ಪುಟದಲ್ಲಿ ತ್ರಿಕೋನವಿಲ್ಲ.
ಬಿಳಿ. ನಡುವೆ ಕೂದಲೆಳೆಯಂಥ ಒಂದು ಗೆರೆ.
ಕಲಾವಿದನ ಲೆಕ್ಕದಲ್ಲಿ ಉಸಿರಾಡಲು ಬಿಟ್ಟ ಜಾಗವಿರಬೇಕು;
ಹತ್ತರಲ್ಲಿ ತ್ರಿಕೋನ ಮರಳುತ್ತದೆ, ಇನ್ನೂ ದೊಡ್ಡದಾಗಿ.
ಥೆಲ್ಮಾ ಆ ಬಿಳಿಯಲ್ಲಿ ಏನೋ ಬರೆದಿದ್ದಾಳೆ, ಉಜ್ಜಿದ್ದಾಳೆ,
ಮತ್ತೆ ಬರೆದಿದ್ದಾಳೆ, ಉಜ್ಜಿದ್ದಾಳೆ,
ಕಾಗದ ನವೆದು ತೂತಾಗುವವರೆಗೆ.
ಹತ್ತನೆಯ ಪುಟದ ತ್ರಿಕೋನಕ್ಕೆ ಹೆಸರಿಲ್ಲ.
ಹನ್ನೊಂದರಲ್ಲೂ ಇಲ್ಲ.
ಪಕ್ಕದ ಕಪಾಟಿನಲ್ಲಿ ಗಣಿಯ ಅಪಘಾತಗಳ ದಫ್ತರವಿದೆ,
ಮನೆತನದ ಹೆಸರು ಹಿಡಿದು ಹುಡುಕಿದರೆ ಸಿಕ್ಕೀತು.
ಹುಡುಕಿಲ್ಲ.

ಸಿಡ್ನಿಯಿಂದ ಪತ್ರ: ಪ್ರದರ್ಶನಕ್ಕೆ ಕಳಿಸಿ,
ನಂತರದ ಗುರುತುಗಳನ್ನು ತೆಗೆಯಿರಿ,
ಅಮೂರ್ತವು ಅಮೂರ್ತವಾಗಿಯೇ ಕಾಣಲಿ.
ರಬ್ಬರು ತೆಗೆದುಕೊಂಡೆ. ಮಸಿ ಹೋಯಿತು,
ಜಿರಲೆಯ ಚುಕ್ಕೆ ಹೋಯಿತು, ಯಾರದೋ ಚಹಾ ಬಟ್ಟಲಿನ ಬಳೆ
ಅರ್ಧ ಹೋಯಿತು.
ಒಂಬತ್ತರ ತೂತಿಗೆ ಹಿಂದಿನಿಂದ ತೇಪೆ ಕೊಟ್ಟೆ,
ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು.
ವರದಿಯಲ್ಲಿ ಒಂದು ಕಲಂ: ನಂತರದ ಗುರುತುಗಳು.
ಇಲ್ಲ, ಎಂದು ಬರೆದೆ.

ಬೀಗ ಹಾಕಲು ಬಂದ ಡೆಸ್ಮಂಡ್ ಮೇಜಿಗೆ ಬಗ್ಗಿ
ಪುಸ್ತಕವನ್ನು ತಲೆಕೆಳಗಾಗಿ ನೋಡಿದ.
ಕೆಂಪನ್ನು ಬೆರಳಲ್ಲಿ ತೋರಿಸಿ, ನಂತರ ಕಿಟಕಿಯಾಚೆ ತೋರಿಸಿ,
"ಇದು ನಮ್ಮ ಗಣಿ ದಿಬ್ಬ, ಸಂಜೆ ಹೊತ್ತಿಂದು" ಅಂದ.
ನಾನು ತಿದ್ದಲಿಲ್ಲ.